ಪುಸಾಂ ಚಿತ್ರದ ಫ್ರೇಮ್ ಕೊಳ್ತೀರಾ? ಮೊದಲು ಎಡ ಅಂಚು ನೋಡಿ

ಫ್ರಾನ್ಸ್‌ನ ಹಳೇ ಕಲಾವಿದರ ಭಾವಚಿತ್ರಗಳ ಪ್ರಿಂಟ್ ಈಗ ಫ್ರೇಮ್ ಸಮೇತ ಸಿಗುತ್ತವೆ. ಅವುಗಳಲ್ಲಿ ಹೆಸರಾದದ್ದು ನಿಕೊಲಾ ಪುಸಾಂ 1650ರಲ್ಲಿ ಬಿಡಿಸಿದ ತಮ್ಮದೇ ಚಿತ್ರ. ಮೂಲ ಚಿತ್ರ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿದೆ.

ರೋಮ್‌ನಲ್ಲಿದ್ದ ಪುಸಾಂ, ಪ್ಯಾರಿಸ್‌ನ ಗೆಳೆಯ ಶಾಂತಲೂ ಆಸೆಪಟ್ಟರು ಅಂತ ಇದನ್ನು ಬಿಡಿಸಿ ಕಳಿಸಿದ್ದರು. ಚಿತ್ರದ ಎಡ ಅಂಚಿನಲ್ಲಿ ಒಬ್ಬ ಹೆಂಗಸು, ಅವಳನ್ನು ತಬ್ಬಿದ ಎರಡು ಕೈಗಳು ಕಾಣುತ್ತವೆ. ಹೆಂಗಸು ಅಂದ್ರೆ ಚಿತ್ರಕಲೆ, ಆ ಕೈಗಳು ಅಂದ್ರೆ ಸ್ನೇಹ.

ಎಡವಟ್ಟಾಗೋದು ಇಲ್ಲೇ. ಮೂಲ ಚಿತ್ರ 98 ಸೆಂ.ಮೀ. ಎತ್ತರ, 74 ಸೆಂ.ಮೀ. ಅಗಲ. ಇದನ್ನು 12x18 ಇಂಚಿನ ಫ್ರೇಮ್ ತುಂಬಾ ಕೂರಿಸಬೇಕಂದ್ರೆ ಅಗಲದಲ್ಲಿ ಸುಮಾರು ಒಂದೂವರೆ ಇಂಚು ಕತ್ತರಿಸಬೇಕು. ಕತ್ತರಿ ಎಡಕ್ಕೆ ಬಿದ್ದರೆ ಸ್ನೇಹದ ಕೈಗಳೇ ಹೋದಂತೆ! 12x16 ಇಂಚಿನದ್ದು ತಗೊಂಡ್ರೆ ಹೆಚ್ಚುಕಮ್ಮಿ ಪೂರ್ತಿ ಚಿತ್ರ ಕೂರುತ್ತದೆ.

ಫ್ರೇಮ್ ಎಂಥದ್ದು ಬೇಕು? 1639ರಲ್ಲಿ ಬೇರೊಂದು ಚಿತ್ರ ಕಳಿಸುವಾಗ ಪುಸಾಂ ಅವರೇ ಶಾಂತಲೂಗೆ ಹೇಳಿದ್ದರು: ಹೊಳಪಿಲ್ಲದ ಚಿನ್ನದ ಬಣ್ಣದ ಸಾದಾ ಫ್ರೇಮ್ ಇರಲಿ, ನೋಡುವವರ ಕಣ್ಣು ಅಕ್ಕಪಕ್ಕದ ವಸ್ತುಗಳ ಕಡೆ ಹೋಗಬಾರದು ಎಂದು. ನೇರ ಬಿಸಿಲು ಬೀಳುವ ಗೋಡೆಗೆ ಮಾತ್ರ ಹಾಕಬೇಡಿ, ಪ್ರಿಂಟ್‌ನ ಬಣ್ಣ ಮಾಸುತ್ತೆ.

ಪುಸಾಂ ತೀರಿಕೊಂಡಿದ್ದು 1665ರಲ್ಲಿ. ಅವರ ಚಿತ್ರಕ್ಕೆ ಈಗ ಕಾಪಿರೈಟ್ ಇಲ್ಲ. ನೀವು ಕೊಡೋ ದುಡ್ಡು ಕಾಗದ, ಮುದ್ರಣ, ಗಾಜು, ಫ್ರೇಮ್‌ಗೆ ಅಷ್ಟೇ. ಅವನ್ನೇ ಸರಿಯಾಗಿ ನೋಡಿ ತಗೊಳ್ಳಿ.