ಮಿಂಚಂಚೆಯಲ್ಲಿ ಕನ್ನಡ ಪಾಠದ ವಿಕಾರ

ಟಿ. ಎಸ್. ವೆಂಕಣ್ಣಯ್ಯನವರ (1885–1939) ಊರಾದ, ಚಳ್ಳಕೆರೆ ತಾಲ್ಲೂಕಿನ ಗ್ರಾಮದ ಹೆಸರನ್ನು ತಳಕು ಎಂದೂ ತಳುಕು ಎಂದೂ ಬರೆಯುವ ವಾಡಿಕೆಯುಂಟು. ಬಳಕೆಯಿಂದ ಬಂದ ಈ ಪಾಠಭೇದ ವಿದ್ವಾಂಸರನ್ನು ತೊಡಕಿಗೆ ಸಿಕ್ಕಿಸದು. ಆದರೆ ಇದೇ ಹೆಸರನ್ನು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದು, ಆ ಫಾಂಟಿಲ್ಲದ ಗಣಕಕ್ಕೆ ಮಿಂಚಂಚೆಯಲ್ಲಿ ಕಳುಹಿಸಿದರೆ ಅಲ್ಲಿ ತೋರುವುದು ಬೇರೆ: ರೋಮನ್ ‘ವಿ’, ನೆತ್ತಿಯ ಮೇಲೆ ಓರೆಗೀಟುಳ್ಳ ‘ಎ’, ಕಾಲುಭಾಗದ ಚಿಹ್ನೆ, ಮತ್ತೆ ಗೀಟಿನ ‘ಎ’, ‘ಪಿ’, ಇನ್ನೊಮ್ಮೆ ಗೀಟಿನ ‘ಎ’, ಕೊನೆಗೆ ಎರಡು ಚುಕ್ಕೆಯ ‘ಎ’.

ಕಾರಣವಿಷ್ಟೆ. ಗಣಕವು ಬಲ್ಲುದು ಸಂಖ್ಯೆಯನ್ನು ಮಾತ್ರ. ಹಳೆಯ ಫಾಂಟುಗಳು ಪಾಶ್ಚಾತ್ಯ ಲಿಪಿಗಳ ಸಂಖ್ಯೆಗಳನ್ನೇ ಎರವಲು ಪಡೆದು, ಅವುಗಳ ಸ್ಥಾನದಲ್ಲಿ ಕನ್ನಡಾಕ್ಷರದ ತುಂಡುಗಳನ್ನು ಕೂರಿಸಿದವು. 188 ಎಂಬುದು ಪಾಶ್ಚಾತ್ಯ ಪಟ್ಟಿಯಲ್ಲಿ ಕಾಲುಭಾಗ, ನುಡಿಯಲ್ಲಿ ಳಕಾರದ ಒಡಲು, 192 ತಲೆಕಟ್ಟು. ಓಲೆಪ್ರತಿಗಳಲ್ಲಿ ಪಕಾರ ವಕಾರಗಳು ಆಕಾರಸಾಮ್ಯದಿಂದ ಪಲ್ಲಟವಾಗುತ್ತವೆ, ಆ ಸಾಮ್ಯವೇ ಶೋಧಕನಿಗೆ ದಾರಿ ತೋರುತ್ತದೆ. ಇಲ್ಲಿ ಅಂತಹ ಸಾಮ್ಯವಿಲ್ಲ. ಸಂಖ್ಯೆ ಉಳಿದಿರುವವರೆಗೆ ಮಾತ್ರ ಪಾಠವೂ ಉಳಿದಿರುತ್ತದೆ.

ಸಂಖ್ಯೆಯೇ ಕೆಡುವುದೂ ಉಂಟು. 1982ರ ಅಂಚೆ ನಿಯಮವು ಪ್ರತಿ ಅಕ್ಷರಕ್ಕೆ ಏಳು ಬಿಟ್‌ಗಳನ್ನಷ್ಟೇ ಒಪ್ಪುತ್ತಿತ್ತು. ಎಂಟನೆಯದನ್ನು ಕತ್ತರಿಸಿದರೆ 192 ಎಂಬುದು 64 ಆಗುತ್ತದೆ, 188 ಎಂಬುದು 60. ಕೊರಿಯದವರಿಗೂ ಇದೇ ಸಂಕಟವಿದ್ದಿತು; 1993ರಲ್ಲಿ ಅವರು ತಮ್ಮ ಲಿಪಿಯನ್ನು ಏಳು ಬಿಟ್‌ಗಳಲ್ಲಿಯೇ ಸಾಗಿಸುವ ಕ್ರಮವೊಂದನ್ನು ಪ್ರಕಟಿಸಿ, ಅದಕ್ಕೊಂದು ಹೆಸರನ್ನೂ ಕೊಟ್ಟರು. ಪತ್ರದ ಶಿರೋಭಾಗದಲ್ಲಿ ಆ ಹೆಸರಿದ್ದರೆ ಪಡೆವ ಗಣಕ ಅದರಂತೆ ಓದಬಲ್ಲುದು. ಕನ್ನಡ ಫಾಂಟುಗಳ ಸಂಕೇತಕ್ಕೆ ಅಂತಹ ಅಂಗೀಕೃತ ನಾಮವಿರಲಿಲ್ಲ. ಪತ್ರಗಳು ಪಾಶ್ಚಾತ್ಯ ಲಿಪಿಯ ಮುದ್ರೆ ಹೊತ್ತೇ ಹೋದವು. ನಮ್ಮ ನಷ್ಟದ ಮೂಲವಿರುವುದು ಇಲ್ಲಿ.

ಬಿಟ್ ಕಳೆದ ಪಾಠವನ್ನು ಊಹೆಯಿಂದ ಅಷ್ಟಿಷ್ಟು ಸರಿಪಡಿಸಬಹುದು. ಆದರೆ ತಿಳಿಯದ ಅಕ್ಷರಗಳಿಗೆಲ್ಲ ಪ್ರಶ್ನಾರ್ಥಕವನ್ನಿಟ್ಟು ಉಳಿಸಿದ ಪ್ರತಿ ನಿರುಪಯುಕ್ತ. ಳಕಾರದ ಒಡಲಿಗೂ ತಲೆಕಟ್ಟಿಗೂ ಅಲ್ಲಿ ಒಂದೇ ಗುರುತು.

1991ರ ಯೂನಿಕೋಡ್ ಕನ್ನಡಕ್ಕೆ ಸ್ವಂತ ಸಂಖ್ಯೆಗಳನ್ನು ಕೊಟ್ಟಿತು. ಹಳೆಯ ಪಾಠವನ್ನು ಅದಕ್ಕೆ ಪರಿವರ್ತಿಸುವಾಗ ಇನ್ನೊಂದು ಸೂಕ್ಷ್ಮವಿದೆ. ‘ಕರ್ನಾಟಕ’ದಲ್ಲಿ ಅರ್ಕಾವೊತ್ತನ್ನು ‘ನಾ’ ಆದ ಮೇಲೆ ಬರೆಯುತ್ತೇವೆ, ಉಚ್ಚರಿಸುವುದು ಮೊದಲು. ಫಾಂಟು ಬರವಣಿಗೆಯ ಕ್ರಮವನ್ನು, ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ. ಆದುದರಿಂದ ಬಂದ ಪತ್ರವನ್ನು ತಿದ್ದದೆ ಇದ್ದಂತೆಯೇ ಒಂದು ಪ್ರತಿ ಕಾದಿರಿಸಿ, ಫಾಂಟಿನ ಹೆಸರನ್ನು ನಿರ್ಣಯಿಸಿ, ಬಳಿಕ ಪರಿವರ್ತಿಸುವುದು ಯುಕ್ತ. ಅರ್ಕಾವೊತ್ತುಗಳನ್ನಂತೂ ಮೂಲದೊಡನೆ ಒಂದೊಂದಾಗಿ ತಾಳೆನೋಡಬೇಕು.