ಬಿಲೀಗರ್ಡ್: ಮುತ್ತಿಗೆಯಿಂದ ಬಂದ ಗುಣವಾಚಕ

ಸಾಲದಲ್ಲಿ ಮುಳುಗಿದ ಕಂಪನಿ, ಸೋಲಿನ ಮೇಲೆ ಸೋಲುಣ್ಣುವ ತಂಡ, ನಾಲ್ಕೂ ಕಡೆಯಿಂದ ಟೀಕೆಗೆ ಗುರಿಯಾದ ಮಂತ್ರಿ: ಇಂಗ್ಲಿಷ್ ಪತ್ರಿಕೆಗಳು ಇವರೆಲ್ಲರ ಹೆಸರಿನ ಹಿಂದೆ ‘ಬಿಲೀಗರ್ಡ್’ ಎಂಬ ಒಂದೇ ಗುಣವಾಚಕವನ್ನು ಹಚ್ಚುತ್ತವೆ. ಮೂಲದಲ್ಲಿ ಅದು ಶತ್ರುಸೈನ್ಯ ಸುತ್ತುವರಿದ ಊರಿಗೆ ಸಲ್ಲುತ್ತಿದ್ದ ಮಾತು.

ಪದ ಡಚ್ ಭಾಷೆಯದು. ಅಲ್ಲಿ ‘ಲೇಗರ್’ ಎಂದರೆ ಸೈನ್ಯದ ಪಾಳೆಯ. ಊರಿನ ಸುತ್ತ ಪಾಳೆಯ ಹೂಡಿ ಮುತ್ತುವುದು ‘ಬೆಲೇಗರನ್’. 1568ರಲ್ಲಿ ಸ್ಪೇನಿನ ಆಳ್ವಿಕೆಯ ವಿರುದ್ಧ ಡಚ್ಚರು ತಿರುಗಿಬಿದ್ದ ಮೇಲೆ ಆ ನಾಡಿನ ಯುದ್ಧವೆಲ್ಲ ಬಹುಪಾಲು ಮುತ್ತಿಗೆಗಳ ಯುದ್ಧವೇ ಆಯಿತು. ಹಾರ್ಲೆಮ್ ತಿಂಗಳುಗಟ್ಟಲೆ ತಡೆದುಕೊಂಡು 1573ರಲ್ಲಿ ಶರಣಾಯಿತು. ಲೈಡನ್ ನಗರದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದಾಗ ಡಚ್ಚರು ತಮ್ಮದೇ ಒಡ್ಡುಗಳನ್ನು ಒಡೆದು ಹೊಲಗಳಿಗೆ ನೀರು ನುಗ್ಗಿಸಿದರು. ಆ ನೀರಿನ ಮೇಲೆ ಚಪ್ಪಟೆ ತಳದ ದೋಣಿಗಳು ಬಂದು 1574ರ ಅಕ್ಟೋಬರ್ 3ರಂದು ಊರು ಬಿಡುಗಡೆಯಾಯಿತು. ಲೈಡನ್ನಿನಲ್ಲಿ ಇಂದಿಗೂ ಆ ದಿನ ಹೆರಿಂಗ್ ಮೀನು, ಬಿಳಿ ಬ್ರೆಡ್ ಹಂಚುತ್ತಾರೆ. 1585ರಲ್ಲಿ ಇಂಗ್ಲೆಂಡ್ ಡಚ್ಚರ ನೆರವಿಗೆ ಸೈನ್ಯ ಕಳಿಸಿತು. ಪದ ಇಂಗ್ಲಿಷಿಗೆ ಹೊಕ್ಕದ್ದೂ ಆ ಶತಮಾನದ ಕೊನೆಯ ದಶಕಗಳಲ್ಲೇ.

ಇದರ ಜೊತೆಗಾರ ‘ಎಂಬ್ಯಾಟಲ್ಡ್’ ಹಳೆಯ ಫ್ರೆಂಚಿನಿಂದ ಬಂದದ್ದು. ಅದರ ಹಳೆಯ ಅರ್ಥದಲ್ಲಿ ಸಂಕಟವೇ ಇರಲಿಲ್ಲ. ಯುದ್ಧಕ್ಕೆ ಅಣಿಯಾಗಿ ನಿಂತವನು ಎಂದಷ್ಟೇ ಇತ್ತು. ಅಮೆರಿಕದ ಕವಿ ಎಮರ್ಸನ್ 1837ರ ಪದ್ಯದಲ್ಲಿ ಬಂಡೆದ್ದ ರೈತರಿಗೆ ಇದನ್ನು ಹೊಗಳಿಕೆಯಾಗಿಯೇ ಬಳಸಿದ. ಈಗ ಅದೇ ವಿಶೇಷಣ ಕುರ್ಚಿ ಅಲುಗುತ್ತಿರುವ ಅಧಿಕಾರಿಗೆ ಸಲ್ಲುತ್ತದೆ.

ಪತ್ರಕರ್ತರಿಗೆ ಇವು ಪ್ರಿಯವಾಗಲು ಕಾರಣವಿದೆ. ಒಂದೇ ಪದದಲ್ಲಿ ಹಿಂದಿನ ಕಥೆಯೆಲ್ಲ ಮುಗಿಯುತ್ತದೆ, ತಪ್ಪು ಯಾರದೆಂದು ಹೇಳುವ ಗೋಜೂ ಇಲ್ಲ. ಆದರೆ ಈ ತಟಸ್ಥತೆ ಮೇಲ್ನೋಟದ್ದು. ಮುತ್ತಿಗೆ ಎಂದ ಕೂಡಲೇ ಓದುಗನ ಕನಿಕರ ಕೋಟೆಯೊಳಗಿನವನ ಕಡೆಗೆ ಹೋಗುತ್ತದೆ. ತನ್ನ ಕೈಯಾರೆ ಕೆಟ್ಟವನಿಗೂ ಅದರಲ್ಲೊಂದು ಪಾಲು ಪುಕ್ಕಟೆ ಸಿಗುತ್ತದೆ. ಅತಿಯಾಗಿ ಬಳಸಿದರೆ ಪದ ನಗೆಪಾಟಲಾಗುವುದೂ ಉಂಟು. 1997ರಲ್ಲಿ ಆಪಲ್ ಕಂಪನಿ 100 ಕೋಟಿ ಡಾಲರ್ ಮೀರಿದ ನಷ್ಟದಲ್ಲಿದ್ದಾಗ, ಸುದ್ದಿಗಳಲ್ಲಿ ‘ಬಿಲೀಗರ್ಡ್’ ಆ ಕಂಪನಿಯ ಹೆಸರಿನ ಭಾಗವೇನೋ ಎಂಬಷ್ಟು ಸಲ ಬಂತು. ಆಪಲ್ ಅಭಿಮಾನಿಗಳು ಅದನ್ನೇ ತಮಾಷೆಯಾಗಿಸಿಕೊಂಡರು.

ಪತ್ರಿಕೆಗಳಲ್ಲಿ ಇವುಗಳ ಜೊತೆಗೇ ಕಾಣುವ ‘ಎಂಬ್ರಾಯ್ಲ್ಡ್’ ಬೇರೆ ಜಾತಿಯದು. ಕಲಸು, ಗೋಜಲಾಗಿಸು ಎಂಬ ಫ್ರೆಂಚ್ ಕ್ರಿಯಾಪದ ಅದರ ಮೂಲ. ಯಾವ ಜಗಳದಲ್ಲಿ, ಯಾವ ಹಗರಣದಲ್ಲಿ ಎಂಬುದನ್ನೂ ಅದು ಸಾಮಾನ್ಯವಾಗಿ ಕೇಳುತ್ತದೆ. ಕನ್ನಡದಲ್ಲಿ ಇದಕ್ಕೆ ‘ವಿವಾದಕ್ಕೆ ಸಿಲುಕಿದ’ ಸರಿಹೋಗುತ್ತದೆ. ‘ಬಿಲೀಗರ್ಡ್’ಗೆ ‘ಸಂಕಷ್ಟಕ್ಕೆ ಸಿಲುಕಿದ’, ‘ಇಕ್ಕಟ್ಟಿನಲ್ಲಿರುವ’ ಎನ್ನಬಹುದು. ಮೂಲಕ್ಕೆ ನಿಷ್ಠರಾಗಿ ‘ಮುತ್ತಿಗೆಗೊಳಗಾದ ಮಂತ್ರಿ’ ಎಂದು ಬರೆದರೆ ಮಾತ್ರ, ಪ್ರತಿಭಟನಾಕಾರರು ಅವರ ಮನೆ ಬಾಗಿಲಿಗೇ ಬಂದರು ಎಂದು ಕನ್ನಡ ಓದುಗ ತಿಳಿಯುತ್ತಾನೆ.