ಕೈ ಕ್ಲಾಕ್, ಪ್ಯಾಟರ್ನ್ ಡೇಟಾ: ಗಿಟಾರ್ ಸ್ಟ್ರಮ್ಮಿಂಗ್ ಬಗ್ಗೆ ನನಗೆ ತಡವಾಗಿ ತಿಳಿದದ್ದು

ನಮ್ಮ ಹಾಸ್ಟೆಲ್‌ನಲ್ಲಿ ಎಷ್ಟು ಗಿಟಾರ್ ಇವೆಯೋ, ಹೆಚ್ಚುಕಡಿಮೆ ಅಷ್ಟೇ ಗಿಟಾರ್ ಕಪಾಟಿನ ಮೇಲೆ ಧೂಳು ತಿನ್ನುತ್ತಿವೆ. ಫಸ್ಟ್ ಸೆಮ್‌ನಲ್ಲಿ ಉತ್ಸಾಹದಿಂದ ತಗೊಳ್ತೀವಿ, ಬೆರಳು ನೋಯುತ್ತೆ, ಇಂಟರ್ನಲ್ಸ್ ಬರುತ್ತೆ, ಮುಗೀತು. ನನ್ನದೂ ಆ ಸಾಲಿಗೆ ಸೇರೋದರಲ್ಲಿತ್ತು. ಸೇರಲಿಲ್ಲ ಯಾಕೆ ಅಂತ ಹೇಳೋಕೆ ಈ ಲೇಖನ.

ಹೋದ ವರ್ಷ ರಾಜ್ಯೋತ್ಸವಕ್ಕೆ ನನ್ನ ಕ್ಲಾಸ್‌ಮೇಟ್ ಒಬ್ಬಳು ಭಾವಗೀತೆ ಹಾಡೋದು, ನಾನು ಗಿಟಾರ್ ನುಡಿಸೋದು ಅಂತ ಮಾತಾಯ್ತು. ನನಗೆ ಜಿ, ಸಿ, ಡಿ, ಇ ಮೈನರ್ ಹೀಗೆ ನಾಲ್ಕು ಕಾರ್ಡ್ ಬರುತ್ತಿದ್ದವು. ‘ಡೌನ್, ಡೌನ್-ಅಪ್, ಅಪ್-ಡೌನ್-ಅಪ್’ ಅನ್ನೋ ಪ್ಯಾಟರ್ನನ್ನು ಮ್ಯಾಥ್ಸ್ ಫಾರ್ಮುಲಾ ಥರ ಬಾಯಿಪಾಠ ಮಾಡಿದ್ದೆ. ಆದರೆ ಮೊದಲ ಪ್ರಾಕ್ಟೀಸ್‌ನಲ್ಲೇ ಗೊತ್ತಾಯ್ತು, ಕಾರ್ಡ್ ಬದಲಿಸುವಾಗೆಲ್ಲ ನನ್ನ ಬಲಗೈ ನಿಂತುಬಿಡುತ್ತೆ. ಎಡಗೈ ಬೆರಳು ಜಾಗಕ್ಕೆ ಬರೋವರೆಗೂ ಆಕೆ ಸಾಲಿನ ನಡುವೆ ಉಸಿರು ಹಿಡಿದು ಕಾಯಬೇಕು. ನಾಲ್ಕನೇ ಸಲಕ್ಕೆ ಆಕೆ ಹಾಡು ನಿಲ್ಲಿಸಿದಳು.

“ನೀ ಹಿಂಗ ನಡುನಡುವ ನಿಂತರ ನಾ ಹೆಂಗ ಹಾಡ್ಲಿ? ಬ್ಯಾಡ ಬಿಡು, ನಾ ಬರೇ ಶ್ರುತಿ ಪೆಟ್ಟಿಗಿ ಹಚ್ಕೊಂಡು ಹಾಡ್ತೀನಿ.”

ಕಾರ್ಯಕ್ರಮಕ್ಕೆ ಇನ್ನು 12 ದಿನ ಇತ್ತು. ಒಂದು ವಾರ ಟೈಮ್ ಕೊಡು ಅಂತ ಕೇಳಿಕೊಂಡೆ.

ಗಿಟಾರ್ ಕೆಳಗಿಡು

ನನ್ನನ್ನು ಉಳಿಸಿದ್ದು ಗಿಟಾರ್ ಟ್ಯುಟೋರಿಯಲ್ ಅಲ್ಲ, ಚಿಕ್ಕಂದಿನಿಂದ ತಬಲಾ ಕಲಿತ ಮೆಕ್ಯಾನಿಕಲ್‌ನ ಒಬ್ಬ ಸೀನಿಯರ್. ಸಂಜೆ ಉಣಕಲ್ ಕೆರೆ ದಂಡೆ ಮೇಲೆ ಕೂತು ನನ್ನ ಗೋಳು ಕೇಳಿದರು. “ಮೊದಲ ಗಿಟಾರ್ ಕೆಳಗ ಇಡು. ಚಪ್ಪಾಳಿ ಹೊಡಿ” ಅಂದರು. ಹೇಳಿಕೊಟ್ಟದ್ದು ಕೆಹರ್ವಾ ತಾಳ. ಇದರಲ್ಲಿ 8 ಮಾತ್ರೆ, ನಾಲ್ಕು ನಾಲ್ಕರ ಎರಡು ಭಾಗ:

ಧಾ ಗೆ ನಾ ತಿ | ನಾ ಕ ಧಿ ನಾ

1ನೇ ಮಾತ್ರೆ ಸಮ್. ಅಲ್ಲಿ ಚಪ್ಪಾಳೆ. 5ನೇ ಮಾತ್ರೆ ಖಾಲಿ. ಅಲ್ಲಿ ಚಪ್ಪಾಳೆ ಇಲ್ಲ, ಅಂಗೈಯನ್ನು ಮೇಲೆ ಮಾಡಿ ಗಾಳಿಯಲ್ಲಿ ಬೀಸಬೇಕು. ನಾನು ಖಾಲಿ ಬಂದಾಗ ಕೈ ಸುಮ್ಮನೆ ಇಟ್ಟುಕೊಂಡೆ. “ಖಾಲಿ ಅಂದ್ರ ಕೈ ನಿಲ್ಸೂದಲ್ಲಪಾ, ಕೈ ಬೀಸೂದು” ಅಂತ ಬೈದರು. ಸ್ಟ್ರಮ್ಮಿಂಗ್ ಅಂದರೆ ಏನು ಅಂತ ನನಗೆ ಅರ್ಥ ಆಗಿದ್ದು ಆಗ.

ಎಂಟು ಬಿಟ್

ಈಗ ಅದೇ ಹಳೇ ಪ್ಯಾಟರ್ನನ್ನು ಎಂಟು ಭಾಗ ಮಾಡಿ ನೋಡಿ. ಬಲಗೈ ಪೆಂಡುಲಮ್ ಥರ ಕೆಳಗೆ-ಮೇಲೆ ಓಡಾಡುತ್ತಲೇ ಇರಬೇಕು. 1, 3, 5, 7ಕ್ಕೆ ಕೆಳಗೆ, 2, 4, 6, 8ಕ್ಕೆ ಮೇಲೆ. ಪಿಕ್ ತಂತಿಗೆ ತಾಗಿದರೆ 1, ತಾಗದೆ ಗಾಳಿಯಲ್ಲಿ ಹೋದರೆ 0 ಅಂದುಕೊಳ್ಳಿ:

1 0 1 1 0 1 1 1

ನಮ್ಮ ಡಿಜಿಟಲ್ ಎಲೆಕ್ಟ್ರಾನಿಕ್ಸ್ ಭಾಷೆಯಲ್ಲಿ ಹೇಳೋದಾದರೆ ಕೈ ಕ್ಲಾಕ್ ಸಿಗ್ನಲ್, ಪ್ಯಾಟರ್ನ್ ಡೇಟಾ. ಡೇಟಾ 0 ಇದ್ದರೂ ಕ್ಲಾಕ್ ನಿಲ್ಲಲ್ಲ. ನಾನು ಮಾಡುತ್ತಿದ್ದ ತಪ್ಪು ಇದೇ. 0 ಬಂದಾಗ ಕ್ಲಾಕನ್ನೇ ನಿಲ್ಲಿಸುತ್ತಿದ್ದೆ.

ಎರಡನೇ 0 ಎಲ್ಲಿದೆ ನೋಡಿ. 5ರಲ್ಲಿ, ಕೆಹರ್ವಾದ ಖಾಲಿ ಬರುವ ಜಾಗದಲ್ಲೇ. ಎರಡೂ ಒಂದೇ ಅಂತ ಹೇಳುತ್ತಿಲ್ಲ. ತಬಲಾದಲ್ಲಿ ಖಾಲಿ ಅಂದರೆ ಮೌನ ಅಲ್ಲ, ಎಡಗಡೆಯ ಡಗ್ಗಾದ ಗುಂಯ್ ಅನ್ನೋ ನಾದ ಅಲ್ಲಿ ಇರಲ್ಲ, ಅಷ್ಟೇ. ಗಿಟಾರ್‌ನಲ್ಲಿ ನಾವು ತಂತಿಯನ್ನೇ ಮುಟ್ಟಲ್ಲ. ಆದರೆ ಎರಡೂ ಕಡೆ ಕಿವಿಗೆ ಆಗೋದು ಒಂದೇ ರೀತಿ: ನಡುವೆ ಭಾರ ಇಳಿಯುತ್ತೆ, ಆಮೇಲೆ 1ಕ್ಕೆ ವಾಪಸ್ ಬಂದಾಗ ‘ಬಂತು’ ಅನಿಸುತ್ತೆ.

ಪ್ರಾಕ್ಟೀಸ್ ಮಾಡಿದ್ದು ಹೀಗೆ

ಮೊದಲ ಎರಡು ದಿನ ಕಾರ್ಡೇ ಇಲ್ಲ. ಎಡಗೈ ಬೆರಳುಗಳನ್ನು ತಂತಿಗಳ ಮೇಲೆ ಹಗುರಾಗಿ ಇಟ್ಟು ಮ್ಯೂಟ್ ಮಾಡಿ, ಬರೀ ಚಿಕ್-ಚಿಕ್ ಸದ್ದು. ರೂಮ್‌ಮೇಟ್‌ಗೂ ನಿದ್ದೆಗೆ ತೊಂದರೆ ಇಲ್ಲ. ಫೋನಿನ ಮೆಟ್ರೊನೋಮ್ 60ಕ್ಕೆ ಇಟ್ಟೆ. ಅಂದರೆ ಸೆಕೆಂಡಿಗೆ ಒಂದು ಟಕ್, ಪ್ರತಿ ಟಕ್‌ಗೆ ಒಂದು ಸಲ ಕೆಳಗೆ, ಒಂದು ಸಲ ಮೇಲೆ. ಎಂಟು ಮುಗಿಯಲು 4 ಸೆಕೆಂಡ್.

ಪಿಕ್ ತೆಳ್ಳಗಿರಲಿ, 0.6 ಮಿಲಿಮೀಟರ್ ಆಸುಪಾಸು ಸಾಕು. ಬಿಗಿಯಾಗಿ ಹಿಡಿಯಬೇಡಿ. ಓಡಾಟ ಮಣಿಕಟ್ಟಿನಿಂದ ಬರಲಿ, ಇಡೀ ತೋಳಿನಿಂದ ಬೇಡ. ಮೇಲಕ್ಕೆ ಹೋಗುವಾಗ ಆರೂ ತಂತಿ ಎಳೆಯಬೇಕಾಗಿಲ್ಲ, ತೆಳ್ಳನೆಯ ಎರಡು-ಮೂರು ತಂತಿ ಸಾಕು.

ಮೂರನೇ ದಿನ ಕಾರ್ಡ್ ಸೇರಿಸಿದೆ. ಇಲ್ಲೊಂದು ಗುಟ್ಟಿದೆ. 8ನೇ ಸ್ಟ್ರೋಕ್ ಮೇಲಕ್ಕೆ ಹೋಗುವಾಗಲೇ ಎಡಗೈ ಹಳೇ ಕಾರ್ಡ್ ಬಿಟ್ಟು ಹೊರಡಬಹುದು. ಆಗ ಖಾಲಿ ತಂತಿಗಳು ಒಂದು ಕ್ಷಣ ನುಡಿಯುತ್ತವೆ, ಕೇಳುವವರಿಗೆ ಗೊತ್ತೂ ಆಗಲ್ಲ. ಮುಂದಿನ 1ಕ್ಕೆ ಬೆರಳು ಪೂರ್ತಿ ಕೂರದಿದ್ದರೂ ಬಲಗೈ ಕೆಳಗೆ ಬರಲೇಬೇಕು. ಒಂದು ಸ್ವರ ತಪ್ಪಿದರೆ ಹಾಡುವವರು ಸಂಭಾಳಿಸುತ್ತಾರೆ, ತಾಳ ತಪ್ಪಿದರೆ ಅವರಿಗೆ ನಿಲ್ಲೋಕೆ ನೆಲವೇ ಇಲ್ಲ.

ಹಾಡು ಆರು ಮಾತ್ರೆಯ ದಾದ್ರಾದಲ್ಲಿದ್ದರೆ ಈ ಪ್ಯಾಟರ್ನ್ ಹೊಂದಲ್ಲ. ಧಾ ಧಿ ನಾ | ಧಾ ತಿ ನಾ. ಅದಕ್ಕೆ 1 ಮತ್ತು 4ಕ್ಕೆ ದಪ್ಪ ತಂತಿ ಒಂದನ್ನೇ ಹೊಡೆದು, 2-3 ಮತ್ತು 5-6ಕ್ಕೆ ತೆಳು ತಂತಿಗಳನ್ನು ಹಗುರಾಗಿ ಸವರಿ. ಅದಕ್ಕೇ ಯಾವುದೇ ಹಾಡಿಗೆ ಕೂರುವ ಮೊದಲು ಪ್ಯಾಟರ್ನ್ ಹುಡುಕಬೇಡಿ, ಹಾಡನ್ನು ಹಾಕಿಕೊಂಡು ಚಪ್ಪಾಳೆ ತಟ್ಟಿ ಎಣಿಸಿ.

ಆ ದಿನ

ಏಳನೇ ದಿನ ಆಕೆ ಬಂದು ಒಂದು ಸಲ ಪೂರ್ತಿ ಹಾಡಿದಳು. ಏನೂ ಹೇಳಲಿಲ್ಲ, “ಎರಡನೇ ಚರಣ ಸ್ವಲ್ಪ ನಿಧಾನ ತಗೊ” ಅಂದಳು, ಅಷ್ಟೇ. ಶ್ರುತಿ ಪೆಟ್ಟಿಗೆ ಸುದ್ದಿ ಮತ್ತೆ ಬರಲಿಲ್ಲ. ಸ್ಟೇಜ್ ಮೇಲೆ ಡಿ ಬರಬೇಕಾದ ಕಡೆ ಜಿ ಹಿಡಿದೆ, ಆಕೆ ಓರೆಗಣ್ಣಲ್ಲಿ ನೋಡಿದಳು, ಕೈ ಮಾತ್ರ ನಿಲ್ಲಲಿಲ್ಲ. ಹಾಡು ಮುಗಿಯಿತು.

ಒಂದು ಮಾತು ನನಗೆ ಇನ್ನೂ ಕೊರೆಯುತ್ತೆ. ಗಂಗೂಬಾಯಿ ಹಾನಗಲ್ ಬದುಕಿ ಹಾಡಿದ ಊರು ಇದು. ಅವರ ಹೆಸರಿನ ಗುರುಕುಲ ಇಲ್ಲೇ ಉಣಕಲ್‌ನಲ್ಲಿದೆ. ಪೇಟಿ, ತಬಲಾ, ಭಜನೆಯ ತಾಳ ಕೇಳುತ್ತ ಬೆಳೆದವರು ನಮ್ಮ ಕ್ಲಾಸಲ್ಲೇ ಇದ್ದಾರೆ. ನಾನು ಮಾತ್ರ ಆರು ತಿಂಗಳು ಸ್ಕ್ರೀನಿನ ಬಾಣದ ಗುರುತು ನೋಡುತ್ತ ಕೂತಿದ್ದೆ. ನಿಮ್ಮ ಗಿಟಾರ್ ಕಪಾಟಿನ ಮೇಲಿದ್ದರೆ ಇವತ್ತು ಇಳಿಸಿ, ಧೂಳು ಒರೆಸಿ. ತಂತಿ ಮುಟ್ಟುವ ಮೊದಲು ತಬಲಾ ಬರುವ ಯಾರನ್ನಾದರೂ ಹುಡುಕಿ, ಹತ್ತು ನಿಮಿಷ ಚಪ್ಪಾಳೆ ಹೊಡೆಯಿರಿ. ಖಾಲಿ ಬಂದಾಗ ಕೈ ಬೀಸೋದು ಮರೀಬೇಡಿ.